ಮೊದಲು ಕೋಣೆ, ಆಮೇಲೆ ಮೈಕು

ರೆಕಾರ್ಡಿಂಗ್ ಸ್ಟುಡಿಯೊ ಸಾಮಾನಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪ ಕಡೆಯಿಂದಲೇ ಜಾಸ್ತಿ ಬಂದಿವೆ. ನನಗೆ ಬಹಳ ಖುಷಿಯಾಯಿತು. ದೊಡ್ಡ ಊರಿನ ಸ್ಟುಡಿಯೊಗೆ ಹೇಳುವ ಮಾತು ಬೇರೆ. ನಮ್ಮ ಮಳೆ, ಹೆಂಚು, ಕರೆಂಟಿನ ನಡುವೆ ಕೆಲಸ ಮಾಡುವವರಿಗೆ ಹೇಳಬೇಕಾದ ಮಾತೇ ಬೇರೆ. ಶಿವಮೊಗ್ಗದ ಒಂದು ಹಳೆ ಹೆಂಚಿನ ಮನೆಯ ಹಿಂದಿನ ಕೋಣೆಯಲ್ಲಿ ನಾನು ಸುಗಮ ಸಂಗೀತ, ಗಮಕ, ಯಕ್ಷಗಾನದ ಹಾಡುಗಾರಿಕೆ ರೆಕಾರ್ಡ್ ಮಾಡುತ್ತಾ ಬಂದಿದ್ದೇನೆ. ಅಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದವರೇ ಹೆಚ್ಚಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ಮನೆಯ ಒಂದು ಕೋಣೆಯನ್ನು ಸ್ಟುಡಿಯೊ ಮಾಡಬೇಕು ಎಂದಿದ್ದೇನೆ. 10 ಅಡಿ ಅಗಲ, 12 ಅಡಿ ಉದ್ದ. ಕೈಯಲ್ಲಿ ಒಂದು ಲಕ್ಷ ಇದೆ. ಅದರಲ್ಲಿ 60 ಸಾವಿರದ ಮೈಕ್ ತಗೊಂಡು, ಉಳಿದದ್ದರಲ್ಲಿ ಬಾಕಿ ಸಾಮಾನು ಹೊಂದಿಸಬಹುದಾ? ಭಾವಗೀತೆ, ಭಜನೆ ರೆಕಾರ್ಡ್ ಮಾಡುವ ಆಸೆ. (ಸಾಗರದ ಯುವಕ)

ಉತ್ತರ: ಬೇಡ. ಅಷ್ಟು ದುಬಾರಿ ಮೈಕ್ ತಂದರೆ ನಿಮ್ಮ ಕೋಣೆಯ ದೋಷವೆಲ್ಲ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಲಕ್ಷದಲ್ಲಿ 30 ಸಾವಿರವನ್ನು ಕೋಣೆಗೆ ಎಂದು ಈಗಲೇ ತೆಗೆದಿಡಿ. ಅದನ್ನು ಮುಟ್ಟಬೇಡಿ.

ಕೋಣೆ ಖಾಲಿ ಮಾಡಿ, ಮಧ್ಯದಲ್ಲಿ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ಹೊಡೆಯಿರಿ. ಹಿಂದೆಯೇ ‘ಟರ್ರ್’ ಎಂದು ಒಂದು ಬಾಲ ಬರುತ್ತದೆ ಅಲ್ವಾ? ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡುವುದರಿಂದ ಅದು ಬರುತ್ತದೆ. ಹಾಡುವಾಗ ಪ್ರತಿ ಅಕ್ಷರದ ಹಿಂದೆಯೂ ಆ ಬಾಲ ಇರುತ್ತದೆ. ಕಂಪ್ಯೂಟರ್‌ನಲ್ಲಿ ಆಮೇಲೆ ಪ್ರತಿಧ್ವನಿ ಸೇರಿಸುವುದು ಸುಲಭ. ಇರುವುದನ್ನು ತೆಗೆಯುವುದು ಬಹಳ ಕಷ್ಟ.

ಇನ್ನೊಂದು ತೊಂದರೆ ಚಪ್ಪಾಳೆಯಲ್ಲಿ ಗೊತ್ತಾಗುವುದಿಲ್ಲ. 10 ಅಡಿ ಎಂದರೆ ಸುಮಾರು 3.05 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ 56 ಹರ್ಟ್ಸ್ (ಸೆಕೆಂಡಿಗೆ 56 ಕಂಪನ) ಸುತ್ತಮುತ್ತಲಿನ ಸದ್ದು ಆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಉಬ್ಬುತ್ತದೆ. 12 ಅಡಿಯ ಕಡೆ ಅದು 47 ಹರ್ಟ್ಸ್. ಇವುಗಳ ಎರಡರಷ್ಟು, ಮೂರರಷ್ಟು ಇರುವ ಸದ್ದುಗಳದ್ದೂ ಇದೇ ಕಥೆ. 94, 112, 141, 168 ಹರ್ಟ್ಸ್ ಎಂದರೆ ಗಂಡು ದನಿಯ ತಳಭಾಗ ಇರುವ ಜಾಗ. ಒಂದು ಸ್ವರ ಸುಮ್ನೆ ಗುಮ್ ಎನ್ನುತ್ತದೆ, ಪಕ್ಕದ ಸ್ವರ ಮಂಕಾಗುತ್ತದೆ. ಹಾಡುವವರು ತಮ್ಮ ಗಂಟಲೇ ಸರಿ ಇಲ್ಲ ಎಂದುಕೊಳ್ಳುತ್ತಾರೆ. ಪಾಪ, ಗಂಟಲು ಸರಿಯಾಗೇ ಇರುತ್ತದೆ.

ಊರಿನ ಬಡಗಿಯವರ ಹತ್ತಿರ 4 ಅಡಿ ಉದ್ದ, 2 ಅಡಿ ಅಗಲದ ಚೌಕಟ್ಟು ಮಾಡಿಸಿ. ಒಳಗೆ ಕಲ್ಲಿನ ಎಳೆಯಿಂದ ಮಾಡಿದ ರಾಕ್‌ವೂಲ್ ತುಂಬಿ. ಘನ ಮೀಟರಿಗೆ 48 ಕಿಲೋ ತೂಕದ್ದು ಸಾಕು. ದಪ್ಪ ಕನಿಷ್ಠ 2 ಇಂಚು ಇರಲಿ, 4 ಇಂಚು ಆದರೆ ತುಂಬಾ ಒಳ್ಳೆಯದು. ಮೇಲೆ ಗಾಳಿ ಆಡುವ ಹತ್ತಿ ಬಟ್ಟೆ ಎಳೆದು ಹೊಡೆಯಿರಿ. ಬಾಯಿಂದ ಊದಿದರೆ ಆಚೆ ಗಾಳಿ ಹೋಗಬೇಕು, ಅಂಥ ಬಟ್ಟೆ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಲೇಬೇಕು.

ಚೌಕಟ್ಟನ್ನು ಗೋಡೆಗೆ ಅಂಟಿಸಬೇಡಿ. ಎರಡು ಇಂಚು ಬಿಟ್ಟು ನಿಲ್ಲಿಸಿ. ಹಿಂದೆ ಗಾಳಿ ಇದ್ದರೆ ಕೆಳಗಿನ ಸ್ವರಗಳನ್ನು ಅದು ಇನ್ನೂ ಚೆನ್ನಾಗಿ ಹೀರುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಆರಿದ್ರಾ ಮಳೆ ಹಿಡಿದ ಮೇಲೆ ಹೊರಗೋಡೆ ಬೆವರುತ್ತದೆ. ಅಂಟಿಸಿದರೆ ಹಿಂಭಾಗವೆಲ್ಲ ಬೂಸ್ಟು ಹಿಡಿಯುತ್ತದೆ.

ಎಲ್ಲಿ ಇಡಬೇಕು ಎಂದು ತಿಳಿಯಲು ಕನ್ನಡಿ ಸಾಕು. ನೀವು ಕೂತು ಕೇಳುವ ಜಾಗದಲ್ಲಿ ಕೂರಿ. ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ. ಮುಂದೆ ಸ್ಪೀಕರ್ ಇಡುವ ಜಾಗ ಎಲ್ಲಿ ಕಾಣುತ್ತದೋ ಅಲ್ಲಿ ಒಂದು ಚೌಕಟ್ಟು. ಮೂಲೆಗಳಲ್ಲಿ ಎಲ್ಲಕ್ಕಿಂತ ದಪ್ಪನೆಯವು. ತಲೆಯ ಮೇಲೆ ಒಂದು. ಮನೆಯಲ್ಲಿ ಹಳೆ ಕಂಬಳಿ ಇದ್ದರೆ ಮಡಿಕೆ ಮಡಿಕೆಯಾಗಿ ಹಾಡುವವರ ಬೆನ್ನ ಹಿಂದೆ ಇಳಿಬಿಡಿ. ಮೇಲಿನ, ನಡುವಿನ ಸ್ವರಗಳಿಗೆ ಅದು ನಿಜವಾಗಿಯೂ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೆ ಎರಡು ಮೈಕ್ ಹಾಕಬಹುದಾದ, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಒಂದು ಆಡಿಯೊ ಇಂಟರ್‌ಫೇಸ್, ಒಂದು ಡೈನಮಿಕ್ ಮೈಕ್ (ಒಳಗೆ ತಂತಿಯ ಸುರುಳಿ ಇರುವ, ಗಟ್ಟಿಮುಟ್ಟಾದದ್ದು), ಒಂದು ಮಧ್ಯಮ ಬೆಲೆಯ ಕಂಡೆನ್ಸರ್ ಮೈಕ್ (ತೆಳ್ಳಗಿನ ಪೊರೆಯ, ಸೂಕ್ಷ್ಮವಾದದ್ದು), ಕಿವಿ ಪೂರ್ತಿ ಮುಚ್ಚುವ ಎರಡು ಹೆಡ್‌ಫೋನ್, ಅಲುಗಾಡದ ಸ್ಟ್ಯಾಂಡ್, ಒಳ್ಳೆ ಕೇಬಲ್. ಒಂದು ಲಕ್ಷಕ್ಕೆ ಇಷ್ಟು ಸಾಕು. ಸ್ಪೀಕರ್ ಮುಂದಿನ ವರ್ಷ ತಗೊಳ್ಳಿ.

ಡೈನಮಿಕ್ ಮೈಕ್ ಕೋಣೆಯ ಸದ್ದು ಹಿಡಿಯುವುದೇ ಇಲ್ಲ ಎಂದು ತುಂಬಾ ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಅದನ್ನು ಬಾಯಿಗೆ ಹತ್ತಿರ ಇಟ್ಟು ಹಾಡುತ್ತೇವೆ, ಅದಕ್ಕೇ ದನಿ ಜಾಸ್ತಿ, ಕೋಣೆ ಕಡಿಮೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಕೋಣೆಯ ಸದ್ದು ಮಾತ್ರ ಎಲ್ಲಿ ಇಟ್ಟರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಾಗಾಗಿ ಯಾವ ಮೈಕ್ ಎನ್ನುವುದಕ್ಕಿಂತ ಎಷ್ಟು ದೂರ ಎನ್ನುವುದನ್ನು ನೋಡಿ. ನ್ಯೂಮನ್ ಯು87 ಎಂಬ ಕಂಡೆನ್ಸರ್ ಮೈಕ್ ಬಂದದ್ದು 1967ರಲ್ಲಿ, ಶ್ಯೂರ್ ಎಸ್‌ಎಂ58 ಎಂಬ ಡೈನಮಿಕ್ ಮೈಕ್ ಬಂದದ್ದು ಅದರ ಹಿಂದಿನ ವರ್ಷ. ಎರಡೂ ಇವತ್ತಿಗೂ ತಯಾರಾಗುತ್ತಿವೆ. ಒಂದಕ್ಕೆ ಲಕ್ಷಗಟ್ಟಲೆ, ಇನ್ನೊಂದಕ್ಕೆ ಕೆಲವೇ ಸಾವಿರ. ಸರಿಮಾಡದ ಕೋಣೆಯಲ್ಲಿ ನಾನು ಕೈಗೆತ್ತಿಕೊಳ್ಳುವುದು ಎರಡನೆಯದನ್ನು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಂಡೆನ್ಸರ್ ಮೈಕ್ ಚಟಪಟ ಎನ್ನುತ್ತದೆ. ಒಮ್ಮೊಮ್ಮೆ ಗುಡುಗಿದ ಹಾಗೆ ಸದ್ದು. ಬೇಸಿಗೆಯಲ್ಲಿ ಸರಿ ಇರುತ್ತದೆ. ಮೈಕ್ ಹಾಳಾಗಿದೆಯಾ? ನಮ್ಮ ಮನೆ ಆಗುಂಬೆಯಿಂದ ದೂರ ಇಲ್ಲ. (ತೀರ್ಥಹಳ್ಳಿ ತಾಲ್ಲೂಕಿನ ಶಿಕ್ಷಕಿ)

ಉತ್ತರ: ಮೇಡಂ, ಹೆದರಬೇಡಿ. ಹೆಚ್ಚಾಗಿ ಅದು ಹಾಳಾಗಿರುವುದಿಲ್ಲ, ಥಂಡಿ ಹಿಡಿದಿರುತ್ತದೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರಿನ ಪಕ್ಕದಲ್ಲಿ ಇಟ್ಟ ಮೈಕ್‌ಗೆ ಹೀಗಾಗುವುದು ಸಹಜ.

ಕಂಡೆನ್ಸರ್ ಮೈಕಿನ ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ಪೊರೆ ಇರುತ್ತದೆ. ಒಂದು ಮಿಲಿಮೀಟರನ್ನು ನೂರಕ್ಕಿಂತ ಹೆಚ್ಚು ಪಾಲು ಮಾಡಿದರೆ ಒಂದು ಪಾಲಿನಷ್ಟು ದಪ್ಪ. ಅದರ ಮೇಲೆ ಚಿನ್ನದ ಲೇಪ. ಅದರ ಹಿಂದೆ ಕೂದಲೆಳೆಯಷ್ಟು ಸಂದಿ ಬಿಟ್ಟು ಒಂದು ಲೋಹದ ತಟ್ಟೆ. ಎರಡರ ನಡುವೆ ವೋಲ್ಟೇಜ್ ನಿಂತಿರುತ್ತದೆ. ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಎಂಬ ಗುಂಡಿ ಒತ್ತುತ್ತೀರಲ್ಲ, ಅದರಿಂದಲೇ ಈ ಮೈಕ್ ನಡೆಯುವುದು. ದನಿ ಬಡಿದಾಗ ಪೊರೆ ಅಲುಗುತ್ತದೆ, ಸಂದಿ ಹೆಚ್ಚುಕಡಿಮೆ ಆಗುತ್ತದೆ, ಅದೇ ಸಿಗ್ನಲ್. ಆ ಸಂದಿಯ ಅಂಚಿನಲ್ಲಿ ತೇವ, ಜೊತೆಗೆ ಸ್ವಲ್ಪ ಧೂಳು ಕೂತರೆ ವಿದ್ಯುತ್ ಅಲ್ಲಿಂದ ಸೋರುತ್ತದೆ. ಹಾಗೆ ಸೋರುವ ಸದ್ದೇ ನಿಮಗೆ ಕೇಳುತ್ತಿರುವುದು.

ಗಾಳಿ ಹೋಗದ, ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿ ತಗೊಳ್ಳಿ. ಅದರಲ್ಲಿ ಸಿಲಿಕಾ ಜೆಲ್ ಹಾಕಿ. ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್ ಇಡಿ. ಶೇಕಡ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಸಿಗುತ್ತದೆ, ತೇವ ಹೀರಿದಾಗ ಹಸಿರಾಗುತ್ತದೆ. ಆಗ 120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಅಡುಗೆಯ ಓವನ್ ಬಳಸಬೇಡಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಕ್ಯಾಮೆರಾದವರು ಇಟ್ಟುಕೊಳ್ಳುವ ಡ್ರೈ ಕ್ಯಾಬಿನೆಟ್ ಕೊಳ್ಳಲು ಆದರೆ ಇಷ್ಟೆಲ್ಲ ತಲೆನೋವೇ ಇಲ್ಲ. ನಾಲ್ಕಾರು ಮೈಕ್ ಇರುವವರಿಗೆ ನಾನು ಮೊದಲು ಹೇಳುವುದೇ ಅದನ್ನು ತಗೊಳ್ಳಿ ಎಂದು.

ಕೆಲವರು ಅಕ್ಕಿ ಡಬ್ಬಿಯಲ್ಲಿ ಮೈಕ್ ಹೂತಿಡುತ್ತಾರೆ. ಅಕ್ಕಿಯ ಹುಡಿ ಜಾಲರಿಯೊಳಗೆ ಹೋಗುತ್ತದೆ. ಹೇರ್ ಡ್ರೈಯರ್ ಹಿಡಿಯುತ್ತಾರೆ. ಆ ಬಿಸಿ ಗಾಳಿ ಪೊರೆಯನ್ನೇ ಹಾಳು ಮಾಡಬಹುದು. ಇನ್ನು ನಮ್ಮ ಮಲೆನಾಡಿನ ಅಭ್ಯಾಸ, ಬಚ್ಚಲೊಲೆಯ ಮೇಲಿನ ಅಟ್ಟ. ಕಂಬಳಿಗೆ ಅದು ಸರಿ, ಮೈಕಿಗೆ ಅಲ್ಲ. ಹೊಗೆಯ ಮಸಿ ಒಮ್ಮೆ ಪೊರೆಯ ಮೇಲೆ ಕೂತರೆ ನಾವು ಒರೆಸುವ ಹಾಗಿಲ್ಲ.

ಮೂರು ಮಾತು ಇನ್ನೂ ಇದೆ. ಎಸಿ ಕೋಣೆಯಲ್ಲಿ ತಣ್ಣಗಾದ ಮೈಕನ್ನು ತಕ್ಷಣ ಹೊರಗೆ ತರಬೇಡಿ, ನೀರಿನ ಪಸೆ ಕೂರುತ್ತದೆ. ಹಾಡುವವರ ಮುಂದೆ ಪಾಪ್ ಫಿಲ್ಟರ್ ಇಡಿ. ಪ, ಬ, ಭ ಅಕ್ಷರದ ಗಾಳಿ ತಡೆಯುವುದು ಅದರ ಕೆಲಸ, ಆದರೆ ಉಸಿರಿನ ತೇವವನ್ನೂ ಎಷ್ಟೋ ತಡೆಯುತ್ತದೆ. ಹಳೆ ಮೈಕಿನ ಸ್ಪಂಜಿನ ಟೋಪಿಯನ್ನು ಈಗಲೇ ಒಮ್ಮೆ ಮುಟ್ಟಿ ನೋಡಿ. ವರ್ಷಗಟ್ಟಲೆ ತೇವದಲ್ಲಿದ್ದರೆ ಅದು ಅಂಟಂಟಾಗಿ ಪುಡಿಯಾಗುತ್ತದೆ. ಆ ಪುಡಿ ಒಳಗೆ ಬೀಳುವ ಮೊದಲು ತೆಗೆದು ಬಿಸಾಡಿ.

ಡೈನಮಿಕ್ ಮೈಕಿಗೆ ಈ ತೊಂದರೆ ಇಲ್ಲ. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಹೊರಗೆ ಹೋಗಿ ರೆಕಾರ್ಡ್ ಮಾಡುವುದಿದ್ದರೆ ನಾನು ಅದನ್ನೇ ಒಯ್ಯುತ್ತೇನೆ.

ಪ್ರಶ್ನೆ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಹೊರಗಿನ ಬಸ್ಸಿನ ಸದ್ದು ಬರುವುದಿಲ್ಲವಂತೆ, ಹೌದಾ? (ಶಿವಮೊಗ್ಗದ ಓದುಗರು)

ಉತ್ತರ: ಇಲ್ಲ. ಹೊರಗಿನ ಸದ್ದು ತಡೆಯಲು ತೂಕ ಬೇಕು, ಸಂದಿ ಇಲ್ಲದೆ ಮುಚ್ಚಿರಬೇಕು. ಮೊಟ್ಟೆ ಟ್ರೇಗೆ ತೂಕವೇ ಇಲ್ಲ. ಜೊತೆಗೆ ಬೇಗ ಬೆಂಕಿ ಹತ್ತುತ್ತದೆ, ಮಳೆಗಾಲದಲ್ಲಿ ಬೂಸ್ಟು, ಜಿರಲೆ. ಆ ಕೆಲಸ ಬಿಟ್ಟು ಬಾಗಿಲಿನ ಕೆಳಗಿನ ಸಂದಿಗೆ, ಕಿಟಕಿಯ ಅಂಚಿಗೆ ರಬ್ಬರ್ ಪಟ್ಟಿ ಹೊಡೆಸಿ. ತೆಳ್ಳನೆ ಬಾಗಿಲಿದ್ದರೆ ಗಟ್ಟಿ ಮರದ ಹಳೆ ಬಾಗಿಲು ಹುಡುಕಿ ಹಾಕಿ. ನಮ್ಮ ಕಡೆ ಹಳೆ ಮನೆ ಬಿಚ್ಚಿದಾಗ ಅಂಥವು ಸಿಗುತ್ತವೆ.

ಪ್ರಶ್ನೆ: ನಾವು ಬಡಗುತಿಟ್ಟು ಯಕ್ಷಗಾನದ ಹಿಮ್ಮೇಳದವರು. ತಾಳಮದ್ದಳೆಯ ಪದ್ಯಗಳನ್ನು ಚೆನ್ನಾಗಿ ರೆಕಾರ್ಡ್ ಮಾಡಿಸಬೇಕು. ಒಂದು ಸ್ಟುಡಿಯೊದಲ್ಲಿ ಭಾಗವತರನ್ನು, ಮದ್ದಳೆಯವರನ್ನು, ಚಂಡೆಯವರನ್ನು ಬೇರೆ ಬೇರೆ ದಿನ ಕರೆದು, ಕಿವಿಯಲ್ಲಿ ಟಿಕ್ ಟಿಕ್ ಕೇಳಿಸುತ್ತಾ ರೆಕಾರ್ಡ್ ಮಾಡಿದರು. ಎಲ್ಲ ಸ್ಪಷ್ಟವಾಗಿದೆ, ಆದರೆ ಜೀವವೇ ಇಲ್ಲ. ಯಾವ ಸಾಮಾನು ಇದ್ದರೆ ಸರಿಹೋಗುತ್ತದೆ? (ಹೊಸನಗರದ ಮದ್ದಳೆಗಾರರು)

ಉತ್ತರ: ಈ ಪ್ರಶ್ನೆಗೆ ನಾನು ತುಂಬಾ ಹೊತ್ತು ಕೊಡುತ್ತೇನೆ, ಏಕೆಂದರೆ ನನಗೆ ಬಹಳ ಹತ್ತಿರದ ವಿಷಯ.

ನಿಮಗೆ ಹೊಸ ಸಾಮಾನು ಬೇಕಿಲ್ಲ. ಮೂವರೂ ಒಟ್ಟಿಗೆ ಕೂರಬೇಕು. ಭಾಗವತರು ಪದ್ಯವನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ಬಿಡುತ್ತಾರೆ ಎನ್ನುವುದು ಮದ್ದಳೆಯವರಿಗೆ ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಮುಕ್ತಾಯದ ಹೊತ್ತಿಗೆ ಕಾಲ ಏರುತ್ತದೆ. ಟಿಕ್ ಟಿಕ್ ಅದನ್ನು ಏರಲು ಬಿಡುವುದಿಲ್ಲ. ಅದನ್ನು ತೆಗೆದುಹಾಕಿ.

ಸಣ್ಣ ಕೋಣೆ ಬೇಡ. ಹಳೆ ಮನೆಯ ಮರದ ಜಗಲಿಯೋ, ಮರದ ಮಾಡಿನ ದೊಡ್ಡ ಹಜಾರವೋ ಸಿಕ್ಕರೆ ಅಲ್ಲಿಗೆ ಸಾಮಾನು ಒಯ್ಯಿರಿ. ಲ್ಯಾಪ್‌ಟಾಪ್, 8 ಮೈಕ್ ಹಾಕಬಹುದಾದ ಇಂಟರ್‌ಫೇಸ್, ಸ್ಟ್ಯಾಂಡ್, ಕೇಬಲ್, ಎಲ್ಲ ಒಂದು ಕಾರಿನಲ್ಲಿ ಹಿಡಿಸುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ. 8 ಟ್ರ್ಯಾಕ್ ಒಂದು ಗಂಟೆ ಓಡಿದರೆ 4 ಜಿಬಿಗಿಂತ ಸ್ವಲ್ಪ ಜಾಸ್ತಿ. ರಾತ್ರಿಯಿಡೀ ರೆಕಾರ್ಡ್ ಮಾಡಿದರೂ ಇವತ್ತಿನ ಡಿಸ್ಕಿಗೆ ಅದು ಭಾರವಲ್ಲ.

ಭಾಗವತರಿಗೆ ಕಾರ್ಡಿಯಾಯ್ಡ್ ಮೈಕ್. ಅದು ಮುಂದಿನ ಸದ್ದು ಹಿಡಿಯುತ್ತದೆ, ನೇರ ಹಿಂದಿನದನ್ನು ಬಹಳ ಕಡಿಮೆ ಹಿಡಿಯುತ್ತದೆ. ಹಾಗಾಗಿ ಮೈಕಿನ ಬೆನ್ನು ಚಂಡೆಯ ಕಡೆಗೆ ಬರುವ ಹಾಗೆ ಭಾಗವತರನ್ನೂ ಚಂಡೆಯವರನ್ನೂ ಎದುರುಬದುರು ಕೂರಿಸಿ. ರಂಗಸ್ಥಳದಲ್ಲಿ ಕೂರುವ ಕ್ರಮ ಇದಲ್ಲ, ಗೊತ್ತಿದೆ. ಆದರೆ ಒಬ್ಬರ ಮುಖ ಒಬ್ಬರಿಗೆ ಕಂಡರೆ ಸಾಕು, ಸ್ವಲ್ಪ ಹೊತ್ತಿನಲ್ಲಿ ಹೊಂದಿಕೊಳ್ಳುತ್ತಾರೆ. ಭಾಗವತರ ಕೈಯಲ್ಲಿ ತಾಳ ಇರುತ್ತದೆ, ಅದು ಎದೆಯ ಮಟ್ಟದಲ್ಲಿ ನುಡಿಯುತ್ತದೆ. ಮೈಕನ್ನು ಹಣೆಯ ಮಟ್ಟಕ್ಕೆ ಎತ್ತಿ ಬಾಯಿಯ ಕಡೆಗೆ ಬಾಗಿಸಿದರೆ ತಾಳ ಚುಚ್ಚುವುದಿಲ್ಲ.

ಮದ್ದಳೆಗೆ ಎರಡು ಮೈಕ್, ಬಲಕ್ಕೊಂದು ಎಡಕ್ಕೊಂದು. ಎರಡನ್ನೂ ಒಟ್ಟಿಗೆ ಕೇಳುವಾಗ ಒಂದರ ಪೊಲಾರಿಟಿ ಗುಂಡಿ (ಸಿಗ್ನಲ್ಲನ್ನು ತಿರುವುಮುರುವು ಮಾಡುವುದು) ಒತ್ತಿ ನೋಡಿ. ಎಡಗಡೆಯ ತಳ ಯಾವ ಸ್ಥಿತಿಯಲ್ಲಿ ತುಂಬಿಕೊಂಡು ಕೇಳುತ್ತದೋ ಅದನ್ನೇ ಇಟ್ಟುಕೊಳ್ಳಿ. ನಿಮ್ಮ ಹಿಂದಿನ ರೆಕಾರ್ಡಿಂಗ್‌ನಲ್ಲಿ ಮದ್ದಳೆ ತೆಳ್ಳಗೆ ಕೇಳುತ್ತಿದ್ದರೆ ಕಾರಣ ಇದೇ ಇರಬಹುದು.

ಚಂಡೆಗೆ ಹತ್ತಿರ ಮೈಕ್ ಇಡಬೇಡಿ. ಎರಡು ಮೂರು ಅಡಿ ದೂರ, ಮೇಲಿನಿಂದ, ಡೈನಮಿಕ್ ಮೈಕ್. 1965ರಿಂದ ಬರುತ್ತಿರುವ ಶ್ಯೂರ್ ಎಸ್‌ಎಂ57 ಇದಕ್ಕೆ ಹೇಳಿ ಮಾಡಿಸಿದ್ದು. ಲೆವೆಲ್ ನೋಡುವಾಗ ‘ಸ್ವಲ್ಪ ಬಾರಿಸಿ’ ಎಂದರೆ ಸಾಲದು. ಪೂರ್ತಿ ಏರಿದ ಬಿಡ್ತಿಗೆಯನ್ನೇ (ಚಂಡೆ, ಮದ್ದಳೆಯ ಜೋರಿನ ನುಡಿತ) ಬಾರಿಸಿ ತೋರಿಸಲಿ. ಅಲ್ಲಿ ಮೀಟರ್ ಮೈನಸ್ 10 ಡೆಸಿಬಲ್ ದಾಟದ ಹಾಗೆ ಗೇನ್ (ಮೈಕಿನ ಸಿಗ್ನಲ್ ಹೆಚ್ಚಿಸುವ ಗುಂಡಿ) ಇಳಿಸಿ. 24 ಬಿಟ್‌ನಲ್ಲಿ ಅಷ್ಟು ಜಾಗ ಬಿಟ್ಟರೆ ನಷ್ಟವೇನಿಲ್ಲ. ಒಡೆದುಹೋದ ಸದ್ದನ್ನು ಮಾತ್ರ ಸರಿಮಾಡಲು ಬರುವುದಿಲ್ಲ.

ಇನ್ನು ಎರಡು ಮೈಕ್ ಉಳಿದರೆ ಪ್ರೇಕ್ಷಕರು ಕೂರುವ ಜಾಗದಲ್ಲಿ ಒಂದು ಜೋಡಿ ಕಂಡೆನ್ಸರ್ ನಿಲ್ಲಿಸಿ. ನಾನಾದರೆ ಮಿಕ್ಸ್ ಮಾಡುವಾಗ ಮೊದಲು ಈ ಜೋಡಿಯನ್ನು ಕೇಳಿ, ಅದಕ್ಕೆ ಭಾಗವತರ ಮೈಕ್ ಸೇರಿಸಿ, ಉಳಿದದ್ದನ್ನು ಉಪ್ಪಿನಷ್ಟೇ ಹಾಕುತ್ತೇನೆ. ಒಬ್ಬರ ಮೈಕಿನಲ್ಲಿ ಇನ್ನೊಬ್ಬರ ಸದ್ದು ಸ್ವಲ್ಪ ಬಂದೇ ಬರುತ್ತದೆ, ಬರಲಿ. ಶ್ರುತಿಪೆಟ್ಟಿಗೆಯನ್ನು ಮಾತ್ರ ಮೈಕಿಗೆ ಬಿಡದೆ ಕೇಬಲ್‌ನಿಂದ ನೇರ ತಗೊಳ್ಳಿ, ಆಮೇಲೆ ಹೆಚ್ಚುಕಡಿಮೆ ಮಾಡಲು ಅನುಕೂಲ.

ದಿನ ಗೊತ್ತುಮಾಡುವಾಗ ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಥಂಡಿಯಲ್ಲಿ ಚರ್ಮ ಸಡಿಲ ಆಗಿ ನೀವು ಶ್ರುತಿ ಮಾಡಿಕೊಳ್ಳುವುದರಲ್ಲೇ ರಾತ್ರಿ ಕಳೆಯುತ್ತದೆ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಜೀರುಂಡೆ ಕೂಗುವ ಹೊತ್ತನ್ನೂ ನೋಡಿಕೊಳ್ಳಿ. ಅದರ ಸದ್ದು ಸ, ಶ, ಚ ಅಕ್ಷರಗಳು ಇರುವ ಜಾಗದಲ್ಲೇ ಇರುವುದರಿಂದ ಅದನ್ನು ಕತ್ತರಿಸಲು ಹೋದರೆ ಪದ್ಯದ ಅಕ್ಷರವೂ ಹೋಗುತ್ತದೆ.

ಪ್ರಶ್ನೆ: ರೆಕಾರ್ಡಿಂಗ್‌ನಲ್ಲಿ ಗುಂಯ್ ಎಂಬ ಸದ್ದು. ಎಲೆಕ್ಟ್ರಿಷಿಯನ್ ಒಬ್ಬರು ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕಿದರೆ ನಿಲ್ಲುತ್ತದೆ ಎಂದರು. ಕಿತ್ತೆವು, ನಿಂತಿತು. ಹೀಗೇ ಇರಬಹುದಾ? (ಕೊಪ್ಪದ ಓದುಗರು)

ಉತ್ತರ: ಇವತ್ತೇ ಆ ಪಿನ್ ವಾಪಸ್ ಹಾಕಿಸಿ. ಅರ್ಥ್ ಇಲ್ಲದ ಸಾಮಾನಿಗೆ ಕರೆಂಟ್ ಸೋರಿದರೆ, ಹಾಡುವವರು ತುಟಿ ತಾಗಿಸುವ ಮೈಕಿನ ತನಕ ಅದು ಬರಬಹುದು. ಜೀವಕ್ಕೇ ಅಪಾಯ. ಯಾವ ಹಾಡಿಗೂ ಅಷ್ಟು ಬೆಲೆ ಇಲ್ಲ.

ಗುಂಯ್ ಎನ್ನುವುದು 50 ಹರ್ಟ್ಸ್ ಮತ್ತು ಅದರ ಎರಡರಷ್ಟು, 100. ಕರೆಂಟಿನದೇ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ಕಾರಣ ಸಿಕ್ಕಿತು. ಎರಡು ಸಾಮಾನು ಎರಡು ಬೇರೆ ದಾರಿಯಲ್ಲಿ ಅರ್ಥ್‌ಗೆ ಸೇರಿದಾಗ ನಡುವೆ ಒಂದು ಸುತ್ತು ಆಗುತ್ತದೆ, ಆ ಸುತ್ತೇ ಗುಂಯ್ ಎನ್ನುತ್ತದೆ. ಸ್ಟುಡಿಯೊದ ಎಲ್ಲ ಸಾಮಾನನ್ನೂ ಒಂದೇ ಬೋರ್ಡಿನಿಂದ ಓಡಿಸಿ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬಳಸಿ. ಕೀಬೋರ್ಡ್, ಗಿಟಾರ್ ಇದ್ದರೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮೈಕ್ ಕೇಬಲ್ಲಿಗೆ ಹೊಂದಿಸುವ ಪೆಟ್ಟಿಗೆ) ಮೂಲಕ ತಗೊಳ್ಳಿ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿಯೇ ಈ ಕೆಲಸಕ್ಕೆ ಇರುವ ಸರಿಯಾದ ಉಪಾಯ. ಮನೆಯ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತೀರಾ? ಒಣಗಿದ ಮಣ್ಣಿನಲ್ಲಿ ಅರ್ಥ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಅಡಿಕೆ ಸುಗ್ಗಿಯ ಸಮಯದಲ್ಲಿ ಮಾತ್ರ ಚಿರ್ ಚಿರ್ ಬರುತ್ತದೆ ಎಂದೂ ಬರೆದಿದ್ದೀರಿ. ಅದು ಸುಲಿಯುವ ಯಂತ್ರದ ಮೋಟರು, ಇಲ್ಲವೇ ಪಂಪ್‌ಸೆಟ್ಟು. ಒಂದೇ ಲೈನಿನಲ್ಲಿದ್ದರೆ ಹಾಗಾಗುತ್ತದೆ. ಆನ್‌ಲೈನ್ ಯುಪಿಎಸ್ ಹಾಕಿದರೆ ಅದು ಕರೆಂಟನ್ನು ಮೊದಲು ಡಿಸಿ ಮಾಡಿ, ಮತ್ತೆ ಹೊಸದಾಗಿ ಎಸಿ ಮಾಡಿ ಕೊಡುತ್ತದೆ. ವೋಲ್ಟೇಜ್ ಏರಿಳಿತವೂ ತಾಗುವುದಿಲ್ಲ. ಇನ್ವರ್ಟರ್ ಇದ್ದರೆ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್‌ನದು ತಾನೇ ಒಂದು ಸದ್ದು ಸೇರಿಸುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗಿನ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ಸ್ವಿಚ್ಚಿನ ಸಂದಿಯನ್ನು ಸುಲಭವಾಗಿ ಹಾರುತ್ತದೆ. ಗುಡುಗು ದೂರ ಇರುವಾಗಲೇ ಪ್ಲಗ್ ಕಿತ್ತಿಡಿ. ಇಂಟರ್‌ನೆಟ್ ಕೇಬಲ್ಲನ್ನೂ ಮರೆಯಬೇಡಿ, ಎಷ್ಟೋ ಕಂಪ್ಯೂಟರ್ ಹೋಗುವುದು ಆ ದಾರಿಯಿಂದ.

ಪ್ರಶ್ನೆ: ಹೆಡ್‌ಫೋನ್‌ನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳುತ್ತದೆ. ತಾಳ ತಪ್ಪುತ್ತದೆ. (ಭದ್ರಾವತಿಯ ಗಾಯಕಿ)

ಉತ್ತರ: ಸಾಫ್ಟ್‌ವೇರ್‌ನಲ್ಲಿ ಬಫರ್ ಎಂದಿರುತ್ತದೆ, ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕುಗಳ ಲೆಕ್ಕ ಅದು, ನಿಮ್ಮಲ್ಲಿ ದೊಡ್ಡದಿದೆ. 512 ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಒಂದು ದಿಕ್ಕಿಗೇ 10 ಮಿಲಿಸೆಕೆಂಡ್‌ಗಿಂತ ಜಾಸ್ತಿ. ಹೋಗಿ ಬರುವುದು ಸೇರಿ ಎರಡರಷ್ಟು. 128 ಮಾಡಿ, ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಮಿಕ್ಸ್ ಮಾಡುವಾಗ ಮತ್ತೆ ಏರಿಸಿದರಾಯಿತು. ಇದಕ್ಕಿಂತ ಒಳ್ಳೆಯದು ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಗುಂಡಿ. ದನಿ ಕಂಪ್ಯೂಟರಿಗೆ ಹೋಗದೆಯೇ ಕಿವಿಗೆ ಬರುತ್ತದೆ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗುವುದೇ ಇಲ್ಲ.

ಪ್ರಶ್ನೆ: ಮಿಕ್ಸಿಂಗ್‌ಗೆ ಮನೆಯ ಹೋಮ್ ಥಿಯೇಟರ್ ಸ್ಪೀಕರ್ ಸಾಕಾಗುವುದಿಲ್ಲವೇ? ಬಾಸ್ ತುಂಬಾ ಚೆನ್ನಾಗಿದೆ. (ಚಿಕ್ಕಮಗಳೂರಿನ ಓದುಗರು)

ಉತ್ತರ: ಬಾಸ್ ಅಷ್ಟು ಚೆನ್ನಾಗಿರುವುದೇ ತೊಂದರೆ. ಸ್ಪೀಕರೇ ಬಾಸ್ ಸೇರಿಸಿ ಕೇಳಿಸಿದರೆ ನೀವು ಹಾಡಿನಲ್ಲಿ ಅದನ್ನು ಕಡಿಮೆ ಮಾಡುತ್ತೀರಿ. ಬೇರೆಯವರ ಮನೆಯಲ್ಲಿ ಹಾಡು ಸೊರಗಿ ಕೇಳುತ್ತದೆ. ಸ್ಟುಡಿಯೊ ಸ್ಪೀಕರ್ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಯಮಾಹಾ ಎನ್‌ಎಸ್10 ಎಂಬ ಬಿಳಿ ಕೋನಿನ ಸ್ಪೀಕರ್ 1978ರಲ್ಲಿ ಮನೆಯಲ್ಲಿ ಹಾಡು ಕೇಳುವವರಿಗೆಂದು ಬಂತು. ದನಿಯ ನಡುವಿನ ಸ್ವರಗಳ ದೋಷವನ್ನೆಲ್ಲ ಎತ್ತಿ ತೋರಿಸುತ್ತಿತ್ತು, ಹಾಗಾಗಿ ಪ್ರಪಂಚದ ಸ್ಟುಡಿಯೊಗಳೆಲ್ಲ ಅದನ್ನು ತಂದಿಟ್ಟುಕೊಂಡವು. 2001ರಲ್ಲಿ ತಯಾರಿಕೆ ನಿಂತಿತು. ನಿಮ್ಮ ಕೋಣೆಗೆ 5 ಇಂಚಿನ ಒಂದು ಜೋಡಿ ಸಾಕು. ಕಿವಿಯ ಮಟ್ಟಕ್ಕೆ ಎತ್ತಿಡಿ, ಮೂಲೆಗೆ ಒತ್ತಬೇಡಿ. ಆಮೇಲೆ ಅದೇ ಮಿಕ್ಸನ್ನು ಫೋನಿನಲ್ಲಿ, ಜೀಪಿನಲ್ಲಿ, ಅಡುಗೆಮನೆಯ ಸಣ್ಣ ಸ್ಪೀಕರಿನಲ್ಲಿ ಕೇಳಿ. ಜನ ಕೇಳುವುದು ಅಲ್ಲಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಸ್‌ಎಂ58 ಕಡಿಮೆಗೆ ಸಿಗುತ್ತಿದೆ. ತಗೊಳ್ಳಬಹುದಾ? (ಶಿಕಾರಿಪುರದ ಓದುಗರು)

ಉತ್ತರ: ಅಸಲಿಯಾದರೆ ಧಾರಾಳವಾಗಿ. ಆದರೆ ಈ ಮೈಕಿನ ನಕಲಿ ತುಂಬಾ ಓಡಾಡುತ್ತದೆ. ಅಡಿಕೆ ಮಂಡಿಯದೋ ಅಕ್ಕಸಾಲಿಗರದೋ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿ, ಅಸಲಿ ಸುಮಾರು 298 ಗ್ರಾಂ ತೂಗುತ್ತದೆ. ಅಸಲಿ ಮೈಕಿನ ಪಕ್ಕ ಇಟ್ಟು ಮಾತಾಡಿ ಕೇಳಿದರೆ ಇನ್ನೂ ಒಳ್ಳೆಯದು. ಬೆಲೆ ನಂಬಲಾರದಷ್ಟು ಕಡಿಮೆ ಇದ್ದರೆ ಬಿಟ್ಟುಬಿಡಿ.

ಪ್ರಶ್ನೆ: ತಂದೆಯವರು ಭದ್ರಾವತಿ ಆಕಾಶವಾಣಿಯಲ್ಲಿ ಹಾಡಿದ್ದನ್ನು ರೇಡಿಯೊದಿಂದ ಮನೆಯಲ್ಲೇ ಕ್ಯಾಸೆಟ್‌ಗೆ ಹಿಡಿದಿದ್ದೆವು. ಅವರು ಈಗ ಇಲ್ಲ. ಅಟ್ಟದಲ್ಲಿ ಸಿಕ್ಕಿದ ಕ್ಯಾಸೆಟ್‌ಗೆ ಬಿಳಿ ಬೂಸ್ಟು ಹಿಡಿದಿದೆ. ಏನು ಮಾಡಲಿ? (ಶೃಂಗೇರಿಯ ಓದುಗರು)

ಉತ್ತರ: ದಯವಿಟ್ಟು ಈಗ ಅದನ್ನು ಯಾವ ಟೇಪ್ ರೆಕಾರ್ಡರಿಗೂ ಹಾಕಬೇಡಿ. ಹಾಕಿದರೆ ಬೂಸ್ಟು ಹೆಡ್ಡಿಗೆ ಅಂಟುತ್ತದೆ, ಟೇಪ್ ಸಿಕ್ಕಿಕೊಂಡು ಹರಿಯಬಹುದು. ಮೊದಲು ಒಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಕೆಲವು ದಿನ ಒಣಗಿಸಿ. ಬಿಸಿಲಿಗೆ ಇಡಬೇಡಿ. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಆಗ ಅಕಸ್ಮಾತ್ತಾಗಿ ಅಳಿಸಿಹೋಗುವ ಭಯ ಇಲ್ಲ. ಚಿಪ್ಪಿಗೆ ಸ್ಕ್ರೂ ಇದ್ದರೆ ಬಿಚ್ಚಿ, ಟೇಪಿನ ಸುರುಳಿಯನ್ನು ಹೊಸ ಖಾಲಿ ಚಿಪ್ಪಿಗೆ ಹಾಕಬಹುದು. ಮೃದುವಾದ ಒಣ ಬ್ರಷ್‌ನಲ್ಲಿ ಬೂಸ್ಟು ತೆಗೆಯಿರಿ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ. ಸಿ-60 ಆದರೆ ಟೇಪ್ ಸ್ವಲ್ಪ ದಪ್ಪ, ಸಿ-90 ಆದರೆ ಇನ್ನೂ ತೆಳ್ಳಗೆ, ಕೈ ಹಗುರ ಇರಲಿ. ಕೈ ನಡುಗುತ್ತದೆ ಎನಿಸಿದರೆ ಈ ಕೆಲಸ ಗೊತ್ತಿರುವವರಿಗೆ ಕೊಡಿ.

ಆಮೇಲೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಸುತ್ತಿಸಿ. ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೇಳಿ. ಸ, ಶ ಅಕ್ಷರ ಎಲ್ಲಿ ಅತಿ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸಿ. ನಿಮ್ಮ ಮನೆಯ ಹಳೆ ರೆಕಾರ್ಡರಿನ ಹೆಡ್ ಯಾವ ಕೋನದಲ್ಲಿ ಇತ್ತೋ ಅದಕ್ಕೆ ಈ ಹೆಡ್ ಹೊಂದಬೇಕು, ಅದಕ್ಕಾಗಿ ಇದು. ತುಂಬಾ ಜನ ಇದನ್ನು ಬಿಟ್ಟು, ಮಂಕಾದ ದನಿಯನ್ನು ಕಂಪ್ಯೂಟರ್‌ನಲ್ಲಿ ಎಳೆದಾಡುತ್ತಾರೆ.

ಸುಸ್ ಎನ್ನುವ ಸದ್ದು ಕಡಿಮೆ ಮಾಡುವ ಡಾಲ್ಬಿ ಗುಂಡಿ ಆಫ್ ಇರಲಿ. ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್, ವೇಗ ಹೆಚ್ಚುಕಡಿಮೆ ಅನಿಸಿದರೆ ಆಮೇಲೆ ಶ್ರುತಿಪೆಟ್ಟಿಗೆಯ ಸ್ವರ ನೋಡಿ ಸರಿಮಾಡಬಹುದು. ತಂದೆಯವರು ಯಾವ ಶ್ರುತಿಗೆ ಹಾಡುತ್ತಿದ್ದರು ಎಂದು ನಿಮಗೆ ನೆನಪಿದ್ದರೆ ಇನ್ನೂ ಸುಲಭ. 24 ಬಿಟ್‌ನಲ್ಲಿ ಪೂರ್ತಿ ರೆಕಾರ್ಡ್ ಮಾಡಿ, ಆ ಫೈಲ್ ಮುಟ್ಟದೆ ಹಾಗೇ ಇಡಿ. ಶುದ್ಧ ಮಾಡುವುದೆಲ್ಲ ಅದರ ನಕಲಿನಲ್ಲಿ. ಮೀಡಿಯಂ ವೇವ್ ರೇಡಿಯೊದಲ್ಲಿ ಸಾಮಾನ್ಯವಾಗಿ 5 ಕಿಲೋಹರ್ಟ್ಸ್‌ಗಿಂತ ಮೇಲೆ ಹಾಡು ಅಷ್ಟಾಗಿ ಇರುವುದಿಲ್ಲ, ಬರೀ ಸುಸ್ ಎನ್ನುವ ಸದ್ದು. ಅದರಿಂದ ಮೇಲಿನದನ್ನು ನಿಧಾನವಾಗಿ ಇಳಿಸಬಹುದು. ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನ ನೆಂಟರ ಹತ್ತಿರ, ಒಂದು ಇಂಟರ್‌ನೆಟ್‌ನಲ್ಲಿ. ಕ್ಯಾಸೆಟ್ ಬಿಸಾಡಬೇಡಿ.

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ. ರೆಕಾರ್ಡಿಂಗ್ ಕಲಿಯಬೇಕು ಅಂತಾಳೆ, ಸಾಮಾನಿಗೆ ದುಡ್ಡು ಕೇಳುತ್ತಿದ್ದಾಳೆ. ನಮಗೆ ಇದೆಲ್ಲ ತಿಳಿಯದು. ಏನು ಕೊಡಿಸಲಿ? (ಹೊಸಹಳ್ಳಿ ಹತ್ತಿರದ ತಾಯಿ)

ಉತ್ತರ: ಅಮ್ಮಾ, ಹೊಸಹಳ್ಳಿ ಗಮಕದ ಊರು, ಹೊಳೆಯ ಆಚೆ ಮತ್ತೂರು. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ! ಈಗಲೇ ದೊಡ್ಡ ಸಾಮಾನು ಬೇಡ. ಕೈಯಲ್ಲಿ ಹಿಡಿಯುವ, ಎರಡು ಮೈಕ್ ಒಳಗೇ ಇರುವ ಒಂದು ಸಣ್ಣ ರೆಕಾರ್ಡರ್ ಕೊಡಿಸಿ. ಆಡಾಸಿಟಿ ಎಂಬ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಗಮಕ ವಾಚನ ನಡೆಯುವ ಕಡೆ ಹಿರಿಯರ ಅನುಮತಿ ಕೇಳಿ ಕೂರಲಿ. ಒಂದೇ ಪದ್ಯವನ್ನು ಒಂದು ಅಡಿ ದೂರದಿಂದ, ಮೂರು ಅಡಿಯಿಂದ, ಕೋಣೆಯ ಮೂಲೆಯಿಂದ ರೆಕಾರ್ಡ್ ಮಾಡಲಿ. ಮೂರನ್ನೂ ಪಕ್ಕ ಪಕ್ಕ ಇಟ್ಟು ಕೇಳಲಿ. ಯಾವುದು ಯಾಕೆ ಹಾಗೆ ಕೇಳುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಆ ಪುಸ್ತಕ ತಗೊಂಡು ನನ್ನ ಸ್ಟುಡಿಯೊಗೆ ಬರಲಿ, ಪತ್ರಿಕೆಯವರ ಮೂಲಕ ತಿಳಿಸಿದರೆ ದಿನ ಹೇಳುತ್ತೇನೆ.

ಹೆಡ್‌ಫೋನ್ ಮಾತ್ರ ಒಳ್ಳೆಯದನ್ನೇ ಕೊಡಿಸಿ. ಸೋನಿ ಎಂಡಿಆರ್-7506 ಆದೀತು, 1991ರಿಂದ ಸ್ಟುಡಿಯೊಗಳಲ್ಲಿ ಓಡುತ್ತಿದೆ. ಕಿವಿಯ ಮೆತ್ತೆ ಹಳೆಯದಾದರೆ ಅದನ್ನಷ್ಟೇ ಬದಲಿಸಬಹುದು.